ಹೊರಟಲ್ಲಿಗೇ ಮರಳುವ ದಾರಿ

ದೇವಾಲಯದಲ್ಲಿ ಪ್ರದಕ್ಷಿಣೆ ಮಾಡುವವನು ಹೊರಟ ಬಾಗಿಲಿಗೇ ಬಂದು ನಿಲ್ಲುತ್ತಾನೆ. ಬೆಟ್ಟಗಾಡಿನಲ್ಲಿ ನಡೆಯುವವರಿಗೂ ಇಂಥ ಸುತ್ತುದಾರಿ ಪ್ರಿಯವಾದುದು. ತುಳಿದ ಹಾದಿಯನ್ನೇ ಮತ್ತೆ ತುಳಿಯಬೇಕಾಗಿಲ್ಲ. ಆದರೂ ಸಂಜೆಯ ಹೊತ್ತಿಗೆ ಹೊರಟ ಸ್ಥಳವನ್ನು ಸೇರಬಹುದು. ಆ ಸ್ಥಳವು ರೈಲು ನಿಲ್ದಾಣವೋ ಬಸ್ಸು ನಿಲ್ದಾಣವೋ ಆಗಿದ್ದರೆ ಸ್ವಂತ ವಾಹನವಿಲ್ಲದವನಿಗೂ ಬೆಟ್ಟ ದೂರವಾಗದು.

ಇಂಗ್ಲೆಂಡಿನ ಈಡೇಲ್ ಎಂಬ ಹಳ್ಳಿ ಇದಕ್ಕೆ ಒಳ್ಳೆಯ ನಿದರ್ಶನ. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಗರಗಳ ನಡುವೆ, ಈ ಹಳ್ಳಿಯ ಮೂಲಕ ಸಾಗುವ ರೈಲುಮಾರ್ಗ 1894ರಲ್ಲಿ ತೆರೆಯಿತು. ಹಳ್ಳಿಯ ಬೆನ್ನಿಗೇ 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಬೆಟ್ಟ. ವಾರವೆಲ್ಲ ಕಾರ್ಖಾನೆಯ ಹೊಗೆಯಲ್ಲಿ ದುಡಿದ ಕಾರ್ಮಿಕರನ್ನು ರೈಲು ಬೆಟ್ಟದ ಬುಡಕ್ಕೆ ತಂದು ಬಿಡುತ್ತಿತ್ತು. ಆದರೆ ಬೆಟ್ಟದ ನೆತ್ತಿ ಅವರ ಪಾಲಿಗೆ ಮುಚ್ಚಿತ್ತು. ಗ್ರೌಸ್ ಎಂಬ ಹಕ್ಕಿಯ ಬೇಟೆಗಾಗಿ ಭೂಮಾಲಿಕರು ಅದನ್ನು ಕಾಯ್ದಿರಿಸಿದ್ದರು. 1932ರ ಏಪ್ರಿಲ್ 24ರಂದು ನೂರಾರು ಯುವಜನರು ಬೆಟ್ಟದ ಮತ್ತೊಂದು ಮಗ್ಗುಲಿನಿಂದ ಈ ನಿಷೇಧವನ್ನು ಮೀರಿ ಹತ್ತಿದರು. ಅವರಲ್ಲಿ ಐವರು ಸೆರೆಮನೆ ಕಂಡರು. 1951ರಲ್ಲಿ ಈ ಸೀಮೆ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇಂಥ ತೆರೆದ ಬೆಟ್ಟಬಯಲುಗಳಲ್ಲಿ ನಡೆಯುವ ಹಕ್ಕನ್ನು 2000ದ ಕಾಯಿದೆ ಎಲ್ಲರಿಗೂ ನೀಡಿತು.

ದೊರೆತ ಹಕ್ಕನ್ನು ಅನುಭವಿಸಲು ವಿವೇಕವೂ ಬೇಕು. ಇಲ್ಲಿಗೆ ಬರುವವನು ಮೊದಲು ನೋಡಬೇಕಾದುದು ಹೋಗುವ ರೈಲನ್ನಲ್ಲ, ಮರಳುವ ರೈಲನ್ನು. ಅಲ್ಲಿಂದ ಲೆಕ್ಕ ಹಿಂದುಹಿಂದಕ್ಕೆ ಸಾಗಬೇಕು. ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿಗಳ ಏರಿಗೆ ಮತ್ತೊಂದು ಗಂಟೆ ಎಂಬ ಸೂತ್ರವನ್ನು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದರು. ಇಂದಿನ ಅಳತೆಯಲ್ಲಿ ಅವು ಸುಮಾರು 5 ಕಿಲೋಮೀಟರ್ ಮತ್ತು 600 ಮೀಟರ್. ಈಡೇಲಿನಿಂದ ಹೊರಟು, ಜೇಕಬ್ಸ್ ಲ್ಯಾಡರ್ ಎಂಬ ಕಡಿದಾದ ಕಲ್ಲುಹಾದಿಯನ್ನೇರಿ, ಬೆಟ್ಟದ ಅಂಚಿನಲ್ಲಿ ನಡೆದು, ಬೇರೊಂದು ಹಾದಿಯಿಂದ ಇಳಿಯುವ ಸುತ್ತು ಸುಮಾರು 14 ಕಿಲೋಮೀಟರ್. ಏರು ಸುಮಾರು 400 ಮೀಟರ್. ಸೂತ್ರದಂತೆ ಇದಕ್ಕೆ ಮೂರೂವರೆ ಗಂಟೆ. ಊಟ, ವಿಶ್ರಾಂತಿಗೆ ಒಂದು ಗಂಟೆ. ಮಂಜು, ಕೆಸರು, ಉಳುಕಿದ ಕಾಲು ಇವುಗಳಿಗಾಗಿ ಇನ್ನೊಂದು ಗಂಟೆ. ಸಂಜೆ ಐದರ ರೈಲನ್ನು ಹಿಡಿಯಬೇಕಾದರೆ ಬೆಳಿಗ್ಗೆ ಹನ್ನೊಂದೂವರೆಯೊಳಗೆ ಹೆಜ್ಜೆ ಹಾಕಿರಬೇಕು.

ಸುತ್ತುದಾರಿಗೆ ಒಂದು ತೊಡಕುಂಟು. ಅರ್ಧ ದಾಟಿದ ಮೇಲೆ ಹಿಂದಿರುಗುವ ದಾರಿಯೇ ಮುಂದಿನ ದಾರಿಗಿಂತ ಉದ್ದವಾಗುತ್ತದೆ. ಆದುದರಿಂದ ಹಿಂದಿರುಗಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಈಡೇಲಿನ ಸುತ್ತಿನಲ್ಲಿ ಜೇಕಬ್ಸ್ ಲ್ಯಾಡರಿನ ಬುಡವೇ ಆ ಸ್ಥಳ. ಮೇಲೆ ಮಂಜು ಕವಿದಿದ್ದರೆ, ಇಲ್ಲವೆ ಹೊತ್ತು ಮೀರಿದ್ದರೆ, ಅಲ್ಲಿಂದಲೇ ಮರಳುವುದು ಸೋಲಲ್ಲ. ಬೆಟ್ಟ ಮುಂದಿನ ಭಾನುವಾರವೂ ಅಲ್ಲಿಯೇ ಇರುತ್ತದೆ.

ಮುಖ್ಯವಾದ ಇನ್ನೊಂದು ಮಾತು: ಗುಂಪಿನ ವೇಗವೆಂದರೆ ಅದರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ವೇಗ. ಅವನನ್ನು ಹಿಂದೆ ಬಿಟ್ಟು ರೈಲು ಹಿಡಿದವನು ಊರನ್ನು ಸೇರಿಯಾನು. ಆದರೆ ಅವನ ಸುತ್ತು ಪೂರ್ಣವಾಗದು. ಎಲ್ಲರೂ ಒಟ್ಟಿಗೆ ನಿಲ್ದಾಣಕ್ಕೆ ಬಂದು, ಇಳಿಬಿಸಿಲಿನಲ್ಲಿ ಆ ಬೆಟ್ಟವನ್ನು ನೋಡುತ್ತ ರೈಲಿಗಾಗಿ ಕಾಯುವ ಅರ್ಧಗಂಟೆಯೂ ನಡಿಗೆಯ ಒಂದು ಭಾಗವೇ ಸರಿ.