ಹರಿಹರದ ಕನ್ಯಾಮಾತೆ

ದಾವಣಗೆರೆಯಿಂದ ಸುಮಾರು 14 ಕಿಲೋಮೀಟರು ಸಾಗಿದರೆ ತುಂಗಭದ್ರೆಯ ದಡದಲ್ಲಿ ಹರಿಹರ. ಹೊಯ್ಸಳರ ದಂಡನಾಯಕ ಪೊಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿರುವರು. ಅದೇ ಊರಿನಲ್ಲಿ ಆರೋಗ್ಯಮಾತೆಯ ಇಗರ್ಜಿಯೂ ಇದೆ. 2019ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ಸಂದಿತು. ಇಲ್ಲಿಯ ತಾಯಿ ಕನ್ಯೆಯೂ ಹೌದು. ಪುರುಷಸಂಬಂಧವಿಲ್ಲದೆ, ಪವಿತ್ರಾತ್ಮದ ಪ್ರಭಾವದಿಂದ ಮರಿಯಳು ಯೇಸುವನ್ನು ಹೆತ್ತಳೆಂಬುದು ಕ್ರೈಸ್ತರ ವಿಶ್ವಾಸ. ಸೆಪ್ಟೆಂಬರ್ 8ರ ಉತ್ಸವ ಮಾತ್ರ ಆಕೆಯ ಸ್ವಂತ ಹುಟ್ಟಿನದು.

ವಾಚಕರಿಗೆ ಕುಂತಿಯ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಅಪವಾದಕ್ಕೆ ಅಂಜಿದ ಕುಂತಿ ಮಗುವನ್ನು ಹೊಳೆಗೆ ಬಿಟ್ಟಳು; ಲೂಕನ ಸುವಾರ್ತೆಯ ಮರಿಯಳು ದೇವದೂತನ ಮಾತಿಗೆ ತಲೆಬಾಗಿ ಒಪ್ಪಿದಳು. ಆಗಲೇ ಆಕೆ ಜೋಸೆಫನಿಗೆ ವಾಗ್ದತ್ತೆ. ಗರ್ಭದ ಸಂಗತಿ ತಿಳಿದ ಆತ ಅವಳನ್ನು ಗುಟ್ಟಾಗಿ ಬಿಟ್ಟುಬಿಡಲು ಯೋಚಿಸಿದನೆಂದು ಮತ್ತಾಯನು ಬರೆದಿದ್ದಾನೆ. ಕುರಾನಿನ 19ನೆಯ ಅಧ್ಯಾಯಕ್ಕೆ ಆಕೆಯದೇ ಹೆಸರು. ಅಲ್ಲಿಯೂ ಮರ್ಯಮಳು ಕನ್ಯೆ, ಅಲ್ಲಿಯೂ ಕೂಸನ್ನೆತ್ತಿ ಬಂದವಳಿಗೆ ಜನರ ನಿಂದೆ.

ಸಿದ್ಧಾಂತವನ್ನು ನಂಬುವುದು ಅವರವರ ಶ್ರದ್ಧೆಗೆ ಸೇರಿದ್ದು. ಊರಿನ ಮಾತಿಗೆ ಹೆದರಿ ಮಗುವನ್ನು ಕೈಬಿಡದ ತಾಯಿಗೆ ಕೈಮುಗಿಯಲು ಯಾವ ಮತವೂ ಅಡ್ಡಬರುವುದಿಲ್ಲ.