ಕತ್ತಿ ಯಾರ ಕೈಯಲ್ಲಿದೆ?

"ಗಂಟಿಗೆ ಕತ್ತಿ ತಾಗಿಸಬೇಡಿ, ತಾಗಿಸಿದರೆ ಮೈಯೆಲ್ಲ ಹಬ್ಬುತ್ತದೆ." ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಹೀಗೆ ನಮ್ಮ ಬಂಧುಬಳಗ ಇರುವ ನಾಲ್ಕೂ ತಾಲ್ಲೂಕುಗಳಲ್ಲಿ ಕ್ಯಾನ್ಸರಿನ ಸುದ್ದಿ ಬಂದಾಗಲೆಲ್ಲ ನಾನು ಈ ಮಾತು ಕೇಳಿದ್ದೇನೆ. ಹೇಳುವವರು ಕೇಡು ಬಯಸಿ ಹೇಳುವುದಿಲ್ಲ. ಆಪರೇಷನ್ ಆದ ಮೇಲೆ ಯಾರದೋ ರೋಗ ಮೂಳೆಗೋ ಲಿವರಿಗೋ ಹರಡಿದ್ದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಆದರೆ ಆ ರೋಗಿ ಗಂಟು ಕಂಡ ಎಷ್ಟು ತಿಂಗಳ ಮೇಲೆ ಆಸ್ಪತ್ರೆಗೆ ಹೋದರು ಎಂಬ ಲೆಕ್ಕವನ್ನು ಯಾರೂ ಇಟ್ಟಿರುವುದಿಲ್ಲ.

ಈ ಮಾತು ಒಮ್ಮೆ ನಮ್ಮ ಮನೆಯೊಳಗೇ ಬಂತು. ಕೊರಟಗೆರೆಯ ನನ್ನ ಖಾಲಾಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ನೋವಿಲ್ಲವೆಂದು ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ಮಗಳು ತುಮಕೂರಿಗೆ ಕರೆದೊಯ್ದಾಗ ಡಾಕ್ಟರು ಸೂಜಿ ಪರೀಕ್ಷೆ ಬರೆದುಕೊಟ್ಟರು. ಖಾಲಾ ಒಪ್ಪಲಿಲ್ಲ. "ಸೂಜಿಯೂ ಕಬ್ಬಿಣವೇ ಅಲ್ವೇನಮ್ಮಾ?" ಎಂದರು. ನಾನು ಮಧುಗಿರಿಯಿಂದ ಹೋಗಿ ಎರಡು ದಿನ ಅವರ ಜೊತೆಗಿದ್ದೆ. ಓದಿ ತಿಳಿದದ್ದನ್ನು ಅಡುಗೆಮನೆಯ ಭಾಷೆಯಲ್ಲೇ ಹೇಳಲು ನೋಡಿದೆ.

"ಖಾಲಾ, ಬಕ್ರೀದಿನ ಮಾಂಸ ಮೆತ್ತಗಾಗಲು ಏನು ಹಾಕ್ತೀರಿ?"

"ಹಸಿ ಪರಂಗಿಕಾಯಿ ಅರೆದು ಸವರ್ತೀನಿ."

ಆ ಕಾಯಿಯ ಹಾಲಿನಲ್ಲಿ ಪಪೈನ್ ಎಂಬ ಕಿಣ್ವವಿದೆ. ಅದು ಮಾಂಸದ ಪ್ರೋಟೀನನ್ನು ಕತ್ತರಿಸಿ ಮೆತ್ತಗೆ ಮಾಡುತ್ತದೆ. (ಪರಂಗಿ ತಿಂದರೆ ಕ್ಯಾನ್ಸರ್ ಬರುತ್ತದೆ ಎಂದು ಯಾರೂ ಅಂದುಕೊಳ್ಳಬೇಡಿ. ಇದು ಹೋಲಿಕೆ ಮಾತ್ರ.) ನಮ್ಮ ದೇಹದಲ್ಲೂ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ. ಗಾಯ ಮಾಯುವಾಗ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಿ, ಹಳೆಯದನ್ನು ತೆಗೆದು, ಹೊಸ ಚರ್ಮಕ್ಕೆ ದಾರಿ ಮಾಡುವವು ಅವೇ. ಕೆಲಸ ಮುಗಿದೊಡನೆ ದೇಹ ಅವುಗಳಿಗೆ ಕಡಿವಾಣ ಹಾಕುತ್ತದೆ.

ಕ್ಯಾನ್ಸರ್ ಗಂಟು ಈ ಕಿಣ್ವಗಳನ್ನೇ ಕಡಿವಾಣವಿಲ್ಲದೆ ಬಳಸಿಕೊಳ್ಳುತ್ತದೆ. ಹಾಲಿನ ನಾಳಗಳ ಸುತ್ತ ಪ್ರೋಟೀನಿನ ತೆಳುವಾದ ಪೊರೆಯಿದೆ. ಅದು ಮಧುಗಿರಿ ಬೆಟ್ಟದ ಕೋಟೆ ಗೋಡೆಯಂತೆ. ಗೋಡೆ ಗಟ್ಟಿಯಾಗಿರುವವರೆಗೆ ರೋಗ ಒಳಗೇ ಇರುತ್ತದೆ. ಯೂರೋಕೈನೇಸ್ (ಯು.ಪಿ.ಎ.), ಕೊಲಾಜಿನೇಸ್, ಕ್ಯಾಥೆಪ್ಸಿನ್ ಮುಂತಾದ ಕಿಣ್ವಗಳು ಗೋಡೆಯನ್ನು ಒಳಗಿನಿಂದಲೇ ಕೊರೆದಾಗ ಕ್ಯಾನ್ಸರ್ ಕಣಗಳು ಹೊರಬಿದ್ದು ರಕ್ತಕ್ಕೆ, ಕಂಕುಳಿನ ಗ್ರಂಥಿಗಳಿಗೆ ಸೇರುತ್ತವೆ. ರೋಗವನ್ನು ಹಬ್ಬಿಸುವ ಕತ್ತಿ ಡಾಕ್ಟರ ಕೈಯಲ್ಲಿಲ್ಲ, ಗಂಟಿನೊಳಗೇ ಇದೆ. ನಾವು ಸುಮ್ಮನೆ ಕೂತ ದಿನವೂ ಅದು ಕೆಲಸ ಮಾಡುತ್ತಿರುತ್ತದೆ.

ಖಾಲಾ ಒಪ್ಪಿದರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಕಂಕುಳಿನ ಎರಡು ಗ್ರಂಥಿಗಳಲ್ಲಿ ಕ್ಯಾನ್ಸರ್ ಇತ್ತು. ಕತ್ತಿ ತಾಗುವ ಮೊದಲೇ ಅದು ಅಲ್ಲಿಗೆ ಹೋಗಿತ್ತು.

ಈ ಕಿಣ್ವಗಳನ್ನು ಅಳೆದರೆ ಗಂಟಿನ ಸ್ವಭಾವ ತಿಳಿಯಬಹುದಲ್ಲವೇ ಎಂದು ವಿಜ್ಞಾನಿಗಳೂ ಯೋಚಿಸಿದರು. ಸ್ತನದ ಗಂಟಿನಲ್ಲಿ ಯು.ಪಿ.ಎ. ಹೆಚ್ಚಿದ್ದವರಲ್ಲಿ ರೋಗ ಬೇಗ ಮರುಕಳಿಸುತ್ತದೆ ಎಂದು ಐರ್ಲೆಂಡಿನ ಮೈಕೆಲ್ ಡಫಿ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ವಿಚಿತ್ರವೆಂದರೆ, ಅದನ್ನು ತಡೆಯಬೇಕಾದ ಪಿ.ಎ.ಐ.-1 ಎಂಬ ಪ್ರೋಟೀನ್ ಹೆಚ್ಚಿದ್ದರೂ ಅದು ಒಳ್ಳೆಯ ಲಕ್ಷಣವಲ್ಲ. ಗ್ರಂಥಿಗಳಿಗೆ ಇನ್ನೂ ಹಬ್ಬದ ಸ್ತನ ಕ್ಯಾನ್ಸರಿನ ಮಹಿಳೆಯರ ಮೇಲೆ ಜರ್ಮನಿಯಲ್ಲಿ 1993ರಿಂದ ನಡೆದ ಅಧ್ಯಯನದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಇವೆರಡೂ ಕಡಿಮೆಯಿದ್ದವರಲ್ಲಿ ಮೂರು ವರ್ಷದೊಳಗೆ ರೋಗ ಮರುಕಳಿಸಿದ್ದು 100ಕ್ಕೆ ಸುಮಾರು 7 ಮಂದಿಗೆ, ಹೆಚ್ಚಿದ್ದವರಲ್ಲಿ ಸುಮಾರು 15 ಮಂದಿಗೆ. ಕಡಿಮೆಯಿದ್ದವರಿಗೆ ಕೀಮೋ ಕೊಟ್ಟಿರಲಿಲ್ಲ. ಯಾರಿಗೆ ಕೀಮೋ ಬೇಕು, ಯಾರನ್ನು ಆ ಕಷ್ಟದಿಂದ ತಪ್ಪಿಸಬಹುದು ಎಂದು ನಿರ್ಧರಿಸಲು ಇಂಥ ಪರೀಕ್ಷೆ ಸಹಾಯಕ.

ಆದರೆ ಈ ಪರೀಕ್ಷೆಗೆ ಆಪರೇಷನ್ನಿನಲ್ಲಿ ತೆಗೆದ ತುಣುಕನ್ನು ಕೂಡಲೇ ಹೆಪ್ಪುಗಟ್ಟಿಸಿ ಇಡಬೇಕು. ಆದ್ದರಿಂದ ಎಲ್ಲೆಡೆ ನಡೆಯುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಇ.ಆರ್., ಪಿ.ಆರ್., ಹರ್-2 ಪರೀಕ್ಷೆಗಳನ್ನು ಮಾಡಿಸುತ್ತಾರೆ. ಖಾಲಾಗೂ ಅವನ್ನೇ ಮಾಡಿಸಿದರು. ಅಂದ ಹಾಗೆ, ಮನೆಯ ಹಿರಿಯ ಗಂಡಸರ ಪ್ರೋಸ್ಟೇಟ್ ತೊಂದರೆಗೆ ಡಾಕ್ಟರು ಬರೆಯುವ ಪಿ.ಎಸ್.ಎ. ರಕ್ತಪರೀಕ್ಷೆ ಅಳೆಯುವುದೂ ಪ್ರೋಟೀನ್ ಕತ್ತರಿಸುವ ಒಂದು ಕಿಣ್ವವನ್ನೇ. ಅದು ಹೆಚ್ಚಿದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಗ್ರಂಥಿ ಊದಿದ್ದರೂ, ಸೋಂಕಿದ್ದರೂ ಹೆಚ್ಚುತ್ತದೆ.

ರಿಪೋರ್ಟ್ ಕೈಗೆ ಬಂದ ದಿನ ಖಾಲಾ ಕೇಳಿದರು: "ನಾನು ಎಷ್ಟು ದಿನ ಇರ್ತೀನಿ ಅಂತ ಇದರಲ್ಲಿ ಬರೆದಿದೆಯಾ?" ಇಲ್ಲ ಎಂದೆ. ನೂರು ಮಂದಿಯಲ್ಲಿ ಎಷ್ಟು ಜನರಿಗೆ ಹೇಗಾಯಿತು ಎಂಬ ಅಂದಾಜನ್ನಷ್ಟೇ ಇಂಥ ಪರೀಕ್ಷೆಗಳು ಹೇಳಬಲ್ಲವು. ಒಬ್ಬರ ಆಯುಷ್ಯವನ್ನು ಹೇಳಲಾರವು. "ಅದು ಅಲ್ಲಾಹನಿಗೆ ಗೊತ್ತು, ಚಿಕಿತ್ಸೆ ನಮ್ಮ ಕೆಲಸ" ಎಂದು ಅವರೇ ಹೇಳಿ ಕೀಮೋಗೆ ಹೊರಟರು. ಕೂದಲು ಉದುರಿತು, ವಾಂತಿಯಾಯಿತು. ಆದರೂ ಒಂದು ಸರದಿಯನ್ನೂ ತಪ್ಪಿಸಲಿಲ್ಲ.

ಸಹೋದರಿಯರೇ, ಎದೆಯ ಗಂಟು ನೋಯದಿದ್ದರೆ ನಿರುಪದ್ರವಿ ಎಂದು ನಂಬಬೇಡಿ. ಚರ್ಮ ಒಳಸೇದಿದರೆ, ತೊಟ್ಟಿನಿಂದ ರಕ್ತ ಬಂದರೆ ಕೂಡಲೇ ತೋರಿಸಿ. ಸಂಕೋಚವಿದ್ದರೆ ಮಹಿಳಾ ಡಾಕ್ಟರನ್ನು ಕೇಳಿ ಪಡೆಯಿರಿ. ಸೂಜಿ ಪರೀಕ್ಷೆಗೆ ಹೆದರಬೇಡಿ. ಎಲ್ಲೇ ಆಪರೇಷನ್ ಆದರೂ ತೆಗೆದ ಗಂಟು ಪರೀಕ್ಷೆಗೆ ಹೋಯಿತೇ ಎಂದು ಕೇಳಿ, ರಿಪೋರ್ಟುಗಳನ್ನು ಜೋಪಾನವಾಗಿಡಿ. ಪಾವಗಡದಿಂದ ಬೆಂಗಳೂರು ಸುಮಾರು 150 ಕಿಲೋಮೀಟರು, ಖರ್ಚಿನ ಚಿಂತೆಯೂ ಸಹಜ. ಆದರೆ ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿದೆ. ಬಿ.ಪಿ.ಎಲ್. ಕಾರ್ಡ್ ಇರುವವರಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ನೆರವೂ ಇದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲು ವಿಚಾರಿಸಿ. ನೆರೆಮನೆಯಲ್ಲಿ ಯಾರಾದರೂ ಗಂಟನ್ನು ಸೆರಗಿನಲ್ಲಿ ಮುಚ್ಚಿಟ್ಟಿದ್ದರೆ, ಅವರ ಜೊತೆ ನೀವೇ ಬಸ್ಸು ಹತ್ತಿ.