ಕೆಂಚಿಯ ನೋಟಿಸ್ ಪೀರಿಯಡ್

ಬೆಂಗಳೂರಲ್ಲಿ ಪುಟ್ಟೇನಹಳ್ಳಿ ಎರಡಿವೆ. ಸ್ನೇಹಿತರಿಗೆ ಮನೆಗೆ ಬನ್ನಿ ಅಂದರೆ ಅರ್ಧ ಜನ ಜೆ.ಪಿ. ನಗರದ ಕಡೆ ಹೋಗಿ ಫೋನ್ ಮಾಡ್ತಾರೆ. ನಮ್ಮದು ಯಲಹಂಕದ ಪುಟ್ಟೇನಹಳ್ಳಿ. ದೊಡ್ಡಬಳ್ಳಾಪುರ ರಸ್ತೆಯಿಂದ ಒಳಗೆ, ಅಟ್ಟೂರಿನ ಹತ್ತಿರ. ಹಳಬರು ಇನ್ನೂ 'ವೀಲ್ ಆ್ಯಂಡ್ ಆ್ಯಕ್ಸಲ್' ಅಂತಲೇ ಕರೆಯುವ ರೈಲು ಗಾಲಿ ಕಾರ್ಖಾನೆ ದೂರವಿಲ್ಲ. ಸ್ವಲ್ಪ ಆಚೆಗೆ ವಾಯುಪಡೆಯ ನೆಲೆ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಕೆರೆ. ಇನ್ನು ಹದಿಮೂರು ದಿನಕ್ಕೆ ನಾನು ಈ ಊರು ಬಿಟ್ಟು ಜರ್ಮನಿಯ ಮ್ಯೂನಿಕ್‌ಗೆ ಹೋಗ್ತಿದ್ದೀನಿ. ಜೊತೆಗೆ ಕೆಂಚಿ.

ಕೆಂಚಿ ನಮ್ಮ ಬೀದಿಯ ನಾಯಿ. 2020ರ ಲಾಕ್‌ಡೌನ್‌ನಲ್ಲಿ ಮುಚ್ಚಿದ್ದ ಬೇಕರಿಯ ಮೆಟ್ಟಿಲ ಕೆಳಗೆ ಹುಟ್ಟಿದ ನಾಲ್ಕು ಮರಿಗಳಲ್ಲಿ ಒಂದು. ಮೈ ಕೆಂಚು ಬಣ್ಣ, ಅದಕ್ಕೇ ಆ ಹೆಸರು. ಹೆಸರಿಟ್ಟವರು ಹೂವಿನ ಅಜ್ಜಿ. ಹಾಲು ಹಾಕಿದವರು ಇಸ್ತ್ರಿ ಗಾಡಿಯ ಅಣ್ಣ. ನಮ್ಮ ಗೇಟಿನೊಳಗೆ ಬಂದು ಮಲಗೋಕೆ ಶುರು ಮಾಡಿದ್ದು ಎರಡನೇ ಮಳೆಗಾಲದಲ್ಲಿ. 'ಒಳಗೆ ಬಿಟ್ಕೋಬೇಡ' ಅಂತ ಅಮ್ಮ ಒಂದು ತಿಂಗಳು ಹೇಳಿದರು. ಆಮೇಲೆ ಅವರೇ ಹಳೇ ಕಂಬಳಿ ಹಾಸಿದರು.

ನನ್ನ ವೀಸಾ ಆರು ವಾರಕ್ಕೆ ಕೈಗೆ ಬಂತು. ಕೆಂಚಿಗೆ ಮಾತ್ರ ಹಾಗಲ್ಲ. ನಾವು ಐಟಿಯವರಿಗೆ ತೊಂಬತ್ತು ದಿನದ ನೋಟಿಸ್ ಪೀರಿಯಡ್ ಇರೋ ಹಾಗೆ, ಐರೋಪ್ಯ ಒಕ್ಕೂಟದವರು ಭಾರತದ ನಾಯಿಗಳಿಗೂ ಮೂರು ತಿಂಗಳು ಇಟ್ಟಿದ್ದಾರೆ. ಬೈಔಟ್ ಇಲ್ಲ.

ಲೆಕ್ಕ ಹೀಗಿದೆ. ಮೊದಲು ಮೈಕ್ರೋಚಿಪ್. ಅದಾದ ಮೇಲೆ ರೇಬಿಸ್ ಲಸಿಕೆ. ಈ ಕ್ರಮ ತಿರುಗಿದರೆ ಲಸಿಕೆ ಲೆಕ್ಕಕ್ಕೆ ಬರಲ್ಲ. ಲಸಿಕೆಯಾಗಿ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆದು, ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ರಕ್ತದಲ್ಲಿ ರೇಬಿಸ್ ವಿರುದ್ಧದ ಪ್ರತಿಕಾಯ ಪ್ರತಿ ಮಿಲಿಲೀಟರ್‌ಗೆ 0.5 ಅಂತರರಾಷ್ಟ್ರೀಯ ಯೂನಿಟ್‌ಗೆ ಕಮ್ಮಿ ಇರಬಾರದು. ರಿಪೋರ್ಟ್ ಬಂದ ತಕ್ಷಣ ಹೊರಡೋ ಹಾಗೂ ಇಲ್ಲ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಸೋಂಕು ಒಳಗೆ ಅಡಗಿದ್ದರೆ ಅಷ್ಟರಲ್ಲಿ ಹೊರಗೆ ಕಾಣಿಸಿಕೊಳ್ಳುತ್ತದೆ ಅನ್ನೋದು ಅದರ ಹಿಂದಿನ ತರ್ಕ. ನಾಯಿ ಕರೆದುಕೊಂಡು ಯುರೋಪ್ ಕಡೆ ಹೊರಡೋ ಯೋಚನೆ ನಿಮಗೂ ಇದ್ದರೆ, ಆಫರ್ ಲೆಟರ್‌ಗೆ ಸಹಿ ಹಾಕೋಕೆ ಮೊದಲೇ ಚಿಪ್ ಹಾಕಿಸಿಬಿಡಿ.

ಕೆಂಚಿಯ ರಕ್ತ ತೆಗೆದದ್ದು ಅಕ್ಟೋಬರ್ ಮೊದಲ ವಾರ. ಹಾಗಾಗಿ ಜನವರಿ ಎರಡನೇ ವಾರಕ್ಕೆ ಮೊದಲು ನಾವು ಎಲ್ಲಿಗೂ ಹೋಗೋ ಹಾಗಿರಲಿಲ್ಲ. ಸೇರುವ ದಿನ ಮುಂದೆ ಹಾಕೋಕೆ ಹೊಸ ಆಫೀಸಿನವರು ಒಪ್ಪಿದರು. 'ನಾಯಿಯಿಂದಾದ್ರೂ ಸಂಕ್ರಾಂತಿ ಮನೇಲಿ ಮಾಡ್ತೀಯಲ್ಲ' ಅಂದರು ಅಮ್ಮ.

ಕರ್ಕೊಂಡು ಹೋಗಬೇಕಾ ಅನ್ನೋ ಪ್ರಶ್ನೆ ಸುಲಭದ್ದಾಗಿರಲಿಲ್ಲ. 'ಬೀದಿ ನಾಯಿಗೆ ಫ್ಲೈಟಾ?' ಅಂತ ಚಿಕ್ಕಪ್ಪ ನಕ್ಕರು. ಅದಕ್ಕೆ ನಾನೂ ನಕ್ಕೆ. ಅಮ್ಮನ ಮಾತು ಮಾತ್ರ ಬೇರೆ ಥರ ಇತ್ತು. 'ಆ ಚಳಿ ಇದಕ್ಕೆ ತಡೆಯುತ್ತೇನೇ? ಇಲ್ಲಿ ಇಡೀ ಬೀದಿ ಇದರದ್ದು. ಅಲ್ಲಿ ನೀನು ಆಫೀಸಿಗೆ ಹೋದರೆ ನಾಲ್ಕು ಗೋಡೆ.' ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಹೋದ ಮೇಲೆ ಅಮ್ಮನಿಗೆ ಮನೇಲಿ ಮಾತಾಡೋಕೆ ಸಿಗೋದು ನಾನು ಮತ್ತು ಕೆಂಚಿ. ನಾನು ಹೋದರೆ ಒಂದು ಕಮ್ಮಿ, ಕೆಂಚಿಯೂ ಹೋದರೆ ಏನೂ ಉಳಿಯಲ್ಲ. ಬಿಟ್ಟು ಹೋಗೋಣ ಅಂತ ಎರಡು ಸಲ ನಿರ್ಧಾರ ಮಾಡಿದ್ದೆ ಕೂಡ. ಆದರೆ ಅಮ್ಮನ ಮಂಡಿ ನೋವು ಜಾಸ್ತಿಯಾಗಿದೆ. ಬೆಕ್ಕು ಕಂಡರೆ ಹದಿನೇಳು ಕೆ.ಜಿ. ಕೆಂಚಿ ಎಳೆಯೋ ಎಳೆತಕ್ಕೆ ಅವರು ನಿಲ್ಲಲ್ಲ. ಐದು ವರ್ಷ ಒಳಗೆ ಮಲಗಿದ ನಾಯಿಯನ್ನ ತಿರುಗಿ ಬೀದಿಗೆ ಬಿಡೋದು ಇಬ್ಬರಿಗೂ ಬೇಡವಾಗಿತ್ತು.

ಕೊನೆಗೆ ಒಂದು ರಾತ್ರಿ ಅವರೆಕಾಳು ಸುಲೀತಾ ಅಮ್ಮನೇ ಅಂದರು: 'ಕರ್ಕೊಂಡು ಹೋಗು. ನೀನೊಬ್ಬಳೇ ಇದ್ದೀಯ ಅಂತ ನಾನಿಲ್ಲಿ ಎದ್ದು ಕೂರೋದಕ್ಕಿಂತ, ಅದು ನಿನ್ನ ಜೊತೆ ಇದೆ ಅಂದ್ರೆ ನಿದ್ದೆ ಬರುತ್ತೆ.' ಚರ್ಚೆ ಅಲ್ಲಿಗೆ ಮುಗೀತು.

ಆಮೇಲೆ ಶುರುವಾಗಿದ್ದು ಕಾಗದ. ಚಿಪ್ ಅಂದರೆ ಅಕ್ಕಿ ಕಾಳಿನಷ್ಟು ಸಣ್ಣದು. ಕುತ್ತಿಗೆಯ ಹಿಂದೆ ಚರ್ಮದ ಕೆಳಗೆ ಹಾಕ್ತಾರೆ. ಸ್ಕ್ಯಾನರ್ ಹಿಡಿದರೆ 15 ಅಂಕಿಯ ನಂಬರ್ ಕಾಣುತ್ತೆ, ಅಷ್ಟೇ. 'ಸಿಮ್ ಹಾಕಿದ್ದಾರಾ? ಎಲ್ಲಿದೆ ಅಂತ ಫೋನಲ್ಲಿ ಗೊತ್ತಾಗುತ್ತಾ?' ಅಂತ ಕೇಳಿದರು ಬೇಕರಿ ಅಣ್ಣ. ಗೊತ್ತಾಗಲ್ಲ. ಅದು ಆಧಾರ್ ನಂಬರ್ ಥರ ಅಂದಾಗ ಅವರಿಗೆ ಸಮಾಧಾನ ಆಯ್ತು.

ಎಲ್ಲ ಫಾರಂನಲ್ಲೂ 'ಮಾಲೀಕರ ಹೆಸರು' ಅಂತ ಒಂದು ಕಾಲಂ ಇದೆ. ನಾನು ನನ್ನ ಹೆಸರು ತುಂಬಿದೆ. ಆದರೆ ಕೆಂಚಿಯ ಒಂದು ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬೀದಿ ನಾಯಿಗೆ ಹಾಕೋ ಗುರುತು ಅದು. ಆಗ ಅದಕ್ಕೆ ಮಾಲೀಕರು ಅಂತ ಯಾರೂ ಇರಲಿಲ್ಲ, ಬೀದಿ ಇತ್ತು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲೂ ಇಂಥ ನಾಯಿಗಳನ್ನ ಸಮುದಾಯದ ಒಡೆತನದ ಭಾರತೀಯ ನಾಯಿ ಅನ್ನೋ ಅರ್ಥದಲ್ಲಿ ಹೆಸರಿಸಿದ್ದಾರೆ. ನನಗೆ ಆ ಮಾತು ಇಷ್ಟವಾಯ್ತು. ಒಡೆಯರು ಇಷ್ಟು ಜನ ಇದ್ದ ಮೇಲೆ ಎಲ್ಲರನ್ನೂ ಕೇಳಿಯೇ ಹೊರಡಬೇಕು. ಮೂರು ತಿಂಗಳು ಹೇಗೂ ಕೈಯಲ್ಲಿತ್ತು.

ಹಾಗೆ ಕೇಳುತ್ತಾ ಹೋದಾಗ ಗೊತ್ತಾಗಿದ್ದು, ಕೆಂಚಿಯ ಪುಟ್ಟೇನಹಳ್ಳಿ ನನ್ನದಕ್ಕಿಂತ ದೊಡ್ಡದು ಅಂತ. ನಾನು ಇಲ್ಲಿ ಹನ್ನೆರಡು ವರ್ಷ ಇದ್ದೀನಿ. ಆಫೀಸ್ ಬಸ್, ಸೂಪರ್ ಮಾರ್ಕೆಟ್, ಮನೆ, ಇಷ್ಟೇ ನನ್ನ ಊರು. ಕೆಂಚಿ ಬೆಳಗ್ಗೆ ಹನ್ನೊಂದಕ್ಕೆ ಇಸ್ತ್ರಿ ಗಾಡಿ ಕೆಳಗೆ ಮಲಗುತ್ತೆ. ಇದ್ದಿಲ ಶಾಖ ಇರೋದರಿಂದ ಚಳಿಗಾಲದಲ್ಲಿ ಆ ಜಾಗ ಖಾಯಂ. ಸಂಜೆ ಕೋಳಿ ಅಂಗಡಿ ಅಣ್ಣ ಕತ್ತಿನ ತುಂಡು ಎತ್ತಿಟ್ಟಿರ್ತಾರೆ. ಕಟ್ಟುತ್ತಿರೋ ಬಿಲ್ಡಿಂಗ್‌ನ ವಾಚ್‌ಮನ್ ಕುಟುಂಬ ರಾಯಚೂರು ಕಡೆಯವರು. ಅವರ ಮಗು ಕೆಂಚಿಯನ್ನ 'ಅಕ್ಕ' ಅನ್ನುತ್ತೆ. ಈ ಜನರಲ್ಲಿ ಅರ್ಧ ಜನರ ಜೊತೆ ನಾನು ಮಾತಾಡಿದ್ದೇ ಈ ಮೂರು ತಿಂಗಳಲ್ಲಿ.

ಇಸ್ತ್ರಿ ಅಣ್ಣನಿಗೆ ವಿಷಯ ಹೇಳಿದಾಗ ಅವರು ಬಟ್ಟೆ ಮೇಲಿಂದ ಕಣ್ಣೆತ್ತಲಿಲ್ಲ. 'ಒಳ್ಳೇದಾಯ್ತು ಬಿಡಿ ಮೇಡಂ' ಅಂದರು. ಮಾರನೇ ದಿನ ಅವರೇ ಮನೆ ಹತ್ತಿರ ಬಂದು, 'ಅಲ್ಲಿ ಗಾಡಿಗಳು ಜೋರಾಗಿ ಓಡಾಡ್ತವಾ?' ಅಂತ ಕೇಳಿದರು. ಕೆಂಚಿಯ ಅಣ್ಣ ತಮ್ಮಂದಿರಲ್ಲಿ ಇಬ್ಬರು ಹೋಗಿದ್ದು ದೊಡ್ಡಬಳ್ಳಾಪುರ ರಸ್ತೆಯಲ್ಲೇ. ಅಲ್ಲಿ ಹಗ್ಗ ಹಿಡಿದುಕೊಂಡೇ ಓಡಾಡಿಸ್ತೀನಿ ಅಂದೆ. ತಲೆ ಆಡಿಸಿ ಹೋದರು.

ಹೂವಿನ ಅಜ್ಜಿ ಕೇಳಿದ್ದು ಒಂದೇ: 'ಅಲ್ಲಿ ಅದಕ್ಕೆ ಕನ್ನಡದಲ್ಲಿ ಮಾತಾಡ್ಸೋರು ಯಾರವ್ವ?' ಕೆಂಚಿಗೆ ಬರೋದು 'ಬಾ', 'ಕೂರು', 'ಸುಮ್ನಿರು', 'ಊಟ'. ಜರ್ಮನಿಯಲ್ಲಿ ನಾಯಿಗೂ ತೆರಿಗೆ ಇದೆ, ಆಯಾ ಊರಿನ ಆಡಳಿತ ಕಟ್ಟಿಸಿಕೊಳ್ಳುತ್ತೆ. ರೈಲಿನಲ್ಲಿ ದೊಡ್ಡ ನಾಯಿಗೆ ಟಿಕೆಟ್ ಬೇಕು, ಬಾಯಿಕುಕ್ಕೆ ಬೇಕು. ಕನ್ನಡಕ್ಕೆ ಮಾತ್ರ ನಾನೇ ಗತಿ.

ಪ್ರತಿ ಬೆಳಗ್ಗೆ ವಾಕಿಂಗ್ ಹೋಗೋದು ಕೆರೆ ಕಡೆಗೆ. ಈ ಪುಟ್ಟೇನಹಳ್ಳಿ ಕೆರೆಯನ್ನ 2015ರಲ್ಲಿ ಸರ್ಕಾರ ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದೆ. ಹತ್ತು ಹೆಕ್ಟೇರ್ ಆಸುಪಾಸಿನ ಸಣ್ಣ ಕೆರೆ. ಸುತ್ತ ಮನೆಗಳೇ ಮನೆಗಳು. ನಾಯಿ ಕರೆದುಕೊಂಡು ಒಳಗೆ ಹೋಗೋ ಜಾಗ ಅಲ್ಲ, ನಾವು ಬೇಲಿ ಪಕ್ಕ ನಿಲ್ತೀವಿ. ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಿನಂಥ ಕತ್ತು ಮಾತ್ರ ನೀರಿಂದ ಎತ್ತಿ ಈಜೋ ಹಾವಕ್ಕಿ, ಜೊಂಡಿನ ನಡುವೆ ನೇರಳೆ ಬಣ್ಣದ ಜಂಬುಕೋಳಿ. ಗಾಳಿ ಇತ್ತ ಬೀಸಿದರೆ ಕೆಂಚಿ ಮೂಗೆತ್ತಿ ಐದು ನಿಮಿಷ ಅಲ್ಲಾಡಲ್ಲ. ಮೊದಲೆಲ್ಲ ನಾನು ಸ್ಟ್ಯಾಂಡಪ್ ಮೀಟಿಂಗ್‌ಗೆ ಲೇಟಾಗುತ್ತೆ ಅಂತ ಎಳೀತಿದ್ದೆ. ಈಗ ಎಳೆಯಲ್ಲ. ಚಳಿಗಾಲಕ್ಕೆ ದೂರದಿಂದ ಹಾರಿ ಬಂದ ಬಾತುಗಳೂ ಅಲ್ಲಿರ್ತವೆ. ಅವನ್ನ ಯಾರೂ ಟೈಟರ್ ರಿಪೋರ್ಟ್ ಕೇಳಲ್ಲ.

ಮನೆಯ ಹಾಲ್‌ನಲ್ಲಿ ಈಗ ಸೋಫಾ ಜಾಗದಲ್ಲಿ ಒಂದು ಪಂಜರ ಇದೆ. ವಿಮಾನದ ಕ್ರೇಟ್ ಅಳತೆಗೆ ಐಯಾಟಾದವರ ಸೂತ್ರ ಇದೆ: ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಕ್ರೇಟಿನ ಉದ್ದ, ಭುಜದ ಅಗಲದ ಎರಡರಷ್ಟು ಕ್ರೇಟಿನ ಅಗಲ. ನಾಯಿ ತಲೆ ತಗ್ಗಿಸದೆ ನಿಲ್ಲಬೇಕು, ಸುತ್ತ ತಿರುಗಬೇಕು. ಟೇಪ್ ಹಿಡಿದು ಅಳೆಯೋಕೆ ಹೋದರೆ ಕೆಂಚಿ ಟೇಪನ್ನೇ ಕಚ್ಚಿಕೊಂಡು ಓಡ್ತು. ಮತ್ತು ಬರೋ ಔಷಧಿ ಕೊಟ್ಟು ಕಳಿಸೋದು ಒಳ್ಳೇದಲ್ಲ. ಮೇಲೆ ಹೋದಾಗ ಉಸಿರಾಟಕ್ಕೆ, ಹೃದಯಕ್ಕೆ ತೊಂದರೆ ಆಗಬಹುದು. ಇರೋದು ಒಂದೇ ದಾರಿ, ಅಭ್ಯಾಸ. ಮೊದಲು ಅದರೊಳಗೆ ಬರೀ ಊಟ, ಆಮೇಲೆ ಮಧ್ಯಾಹ್ನದ ನಿದ್ದೆ, ಈಗ ಬಾಗಿಲು ಹಾಕಿ ರಾತ್ರಿಯಿಡೀ. ಅಮ್ಮ ಆ ಹಳೇ ಕಂಬಳಿಯನ್ನ ಒಗೆಯದೇ ಒಳಗೆ ಹಾಸಿದ್ದಾರೆ. ಮನೆಯ ವಾಸನೆ ಇರಲಿ ಅಂತ.

ವಿಮಾನದ ಸದ್ದಿಗೆ ಹೆದರುತ್ತಾ ಅಂತ ಡಾಕ್ಟರ್ ಕೇಳಿದಾಗ ನನಗೆ ನಗು ಬಂತು. ಯಲಹಂಕದ ನಾಯಿಗೆ ಆ ಪ್ರಶ್ನೆಯಾ? 1996ರಿಂದ ಇಲ್ಲಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತೆ. ಯುದ್ಧವಿಮಾನಗಳು ಮನೆ ಮೇಲೇ ತಿರುಗಿದರೂ ಕೆಂಚಿ ಒಂದು ಕಿವಿ ಎತ್ತಿ ಮಲಗುತ್ತೆ. ಆ ಫೆಬ್ರುವರಿಗಳಲ್ಲಿ ಅದಕ್ಕೆ ಬೇಜಾರಾಗೋದು ಬೇರೆ ಕಾರಣಕ್ಕೆ. ಹದ್ದುಗಳು ಬರಬಾರದು ಅಂತ ನೆಲೆಯ ಸುತ್ತ 13 ಕಿ.ಮೀ. ಒಳಗೆ ಮಾಂಸದ ಅಂಗಡಿ ಮುಚ್ಚಿಸ್ತಾರೆ. ಕೋಳಿ ಅಂಗಡಿ ಶೆಟರ್ ಮುಂದೆ ಕೆಂಚಿ ದಿನಾ ಹೋಗಿ ಕೂತು ಬರ್ತಿತ್ತು.

ಒಂದು ವಿಷಯದಲ್ಲಿ ನಮ್ಮ ಉತ್ತರ ಬೆಂಗಳೂರಿನವರು ಪುಣ್ಯವಂತರು. ನಾಯಿಯೊಂದು ದೇಶ ಬಿಡೋಕೆ ಬೇಕಾದ ಜಾಗಗಳೆಲ್ಲ ಈ ಕಡೆಯೇ ಇವೆ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜಿದೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ರೇಬಿಸ್‌ಗೆ ಮಾನ್ಯತೆ ಕೊಟ್ಟ ರೆಫರೆನ್ಸ್ ಪ್ರಯೋಗಾಲಯವೂ ಅಲ್ಲೇ ಇದೆ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ. ಹೊರಡೋ ಮುಂಚಿನ ಕೊನೆಯ ಪ್ರಮಾಣಪತ್ರ ಕೊಡೋ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿ ಹೆಸರಘಟ್ಟದಲ್ಲಿ. ಆ ಪತ್ರವಾಗಿ ಹತ್ತು ದಿನದೊಳಗೆ ಯುರೋಪ್ ಮುಟ್ಟಬೇಕು. ಹಾಗಾಗಿ ಮೊದಲೇ ಮಾಡಿಸಿ ಇಟ್ಕೊಳ್ಳೋ ಹಾಗಿಲ್ಲ.

ದಾರಿ ನೋಡಿಕೊಂಡು ಬರೋಣ ಅಂತ ಹೋದ ತಿಂಗಳು ಒಂದು ಭಾನುವಾರ ಅಮ್ಮನನ್ನೂ ಕೆಂಚಿಯನ್ನೂ ಕಾರಲ್ಲಿ ಕೂರಿಸಿಕೊಂಡು ಹೆಸರಘಟ್ಟಕ್ಕೆ ಹೋಗಿದ್ದೆ. ಅರ್ಕಾವತಿಗೆ ಅಡ್ಡ ಕಟ್ಟಿದ ಆ ಕೆರೆ 1894ರದ್ದು. ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂದಿದ್ದು ಅಲ್ಲಿಂದಲೇ. ಆಚೆಗೆ ಕಣ್ಣು ಹೋದಷ್ಟು ಹುಲ್ಲುಗಾವಲು. ಅಮ್ಮ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ರಸ್ತೆ ಪಕ್ಕ ಕೂತು ತಿಂದ್ವಿ. ಕೆಂಚಿಗೆ ಮೊಸರನ್ನ. 'ನಿಮ್ಮಪ್ಪ ಇಲ್ಲಿಗೆ ಕರ್ಕೊಂಡು ಬರ್ತೀನಿ ಅಂತ ಹೇಳ್ತಾನೇ ಇದ್ರು' ಅಂದರು ಅಮ್ಮ. ಇಷ್ಟು ಹತ್ತಿರ ಇದ್ದೂ ನಾವು ಮೂವರೂ ಅಲ್ಲಿಗೆ ಹೋಗಿದ್ದು ಅದೇ ಮೊದಲು.

ಈಗ ಉಳಿದಿರೋದು ಇಷ್ಟು: ಮುಂದಿನ ವಾರ ಹೆಸರಘಟ್ಟದಲ್ಲಿ ಚಿಪ್ ಓದಿಸಿ ಪ್ರಮಾಣಪತ್ರ ತರೋದು. ಸಂಕ್ರಾಂತಿಗೆ ಬೀದಿಯ ಎಲ್ಲ ಮನೆಗೂ ಎಳ್ಳುಬೆಲ್ಲ ಕೊಡೋದು. ಕೆಂಚಿಯನ್ನೂ ಜೊತೆಗೆ ಕರ್ಕೊಂಡು ಹೋಗ್ತೀನಿ, ಬರ್ತೀನಿ ಅಂತ ಹೇಳಿಬಂದ ಹಾಗೂ ಆಗುತ್ತೆ.

ಹೇಳೋಕೆ ಆಗದೇ ಇರೋದು ಒಬ್ಬನಿಗೆ ಮಾತ್ರ. ಕರಿಯ ಅಂತ, ಕೆಂಚಿಯ ಜೊತೆ ಹುಟ್ಟಿದ ನಾಲ್ಕರಲ್ಲಿ ಉಳಿದಿರೋ ಇನ್ನೊಂದು. ಯಾರ ಗೇಟಿನೊಳಗೂ ಬರಲ್ಲ, ಯಾರ ಕೈಗೂ ಸಿಗಲ್ಲ. ಬೆಳಗ್ಗೆ ಕೆಂಚಿ ಹೊರಗೆ ಬರೋವರೆಗೂ ಎದುರು ಮನೆಯ ಹೊಂಗೆ ಮರದ ಕೆಳಗೆ ಕಾಯ್ತಾನೆ. ಆಮೇಲೆ ಕೆರೆವರೆಗೂ ಹತ್ತು ಹೆಜ್ಜೆ ಹಿಂದೆ ಬರ್ತಾನೆ. ಹತ್ತೊಂಬತ್ತನೇ ತಾರೀಖು ಬೆಳಗ್ಗೆ ಅವನು ಎಷ್ಟು ಹೊತ್ತು ಕಾಯ್ತಾನೋ ಅಂತ ಯೋಚನೆ ಬಂದಾಗೆಲ್ಲ ನಾನು ಎದ್ದು ಬೇರೆ ಏನಾದರೂ ಕೆಲಸ ಹಿಡೀತೀನಿ.

ನಾಲ್ಕು ದಿನದಿಂದ ಅಮ್ಮ ಒಂದು ಹೊಸ ಸ್ಟೀಲ್ ತಟ್ಟೆ ಹೊರಗೆ ಇಡ್ತಿದ್ದಾರೆ. ಮೊದಲ ದಿನ ಮರದ ಕೆಳಗೆ, ಎರಡನೇ ದಿನ ರಸ್ತೆ ಅಂಚಿಗೆ, ನಿನ್ನೆ ಗೇಟಿನಿಂದ ಎರಡು ಅಡಿ ಆಚೆ. ಇವತ್ತು ತಟ್ಟೆ ಖಾಲಿ ಇತ್ತು. ಕರಿಯ ತಿಂದನೋ, ಕಾಗೆ ತಿಂತೋ ನೋಡಿದವರಿಲ್ಲ. 'ಅವನೇ' ಅಂತಾರೆ ಅಮ್ಮ. ನಾಳೆ ಗೇಟಿನ ಒಳಗೇ ಇಡ್ತಾರಂತೆ.